ಅಗೆಯಲಾಗದ ಆಕಾಶದಲ್ಲಿ ಇತಿಹಾಸ ಸಿಗುವುದು ಹೇಗೆ?

ಪ್ರಶ್ನೆ: ನಾನು ಚಿತ್ರದುರ್ಗದವನು. ಹೋದ ತಿಂಗಳು ಮಗಳನ್ನು ಚಂದ್ರವಳ್ಳಿಗೆ ಕರೆದುಕೊಂಡು ಹೋಗಿದ್ದೆ. ಇಲ್ಲಿ ಅಗೆದಾಗ ಪದರ ಪದರವಾಗಿ ಹಳೆಯ ಕಾಲ ಸಿಕ್ಕಿತು ಅಂತ ಹೇಳಿದೆ. ಅವಳು ಅದೇ ವಾರ ಎಲ್ಲೋ ಓದಿದ್ದಳು, ನಮ್ಮ ಆಕಾಶಗಂಗೆ 1000 ಕೋಟಿ ವರ್ಷಗಳ ಹಿಂದೆ ಇನ್ನೊಂದು ಗ್ಯಾಲಕ್ಸಿಯನ್ನು ನುಂಗಿತಂತೆ. ನಕ್ಷತ್ರಗಳ ವಯಸ್ಸು ಮತ್ತು ಅವುಗಳಲ್ಲಿರುವ ಕಬ್ಬಿಣ ನೋಡಿ ಇದನ್ನು ಕಂಡುಹಿಡಿದರಂತೆ. "ಅಪ್ಪಾ, ಅಲ್ಲಿ ಯಾರು ಅಗೆದರು?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಇದು ಬರೀ ಊಹೆ ಅಲ್ವಾ?

ಉತ್ತರ: ನಿಮ್ಮ ಮಗಳ ಪ್ರಶ್ನೆ ನಿಮ್ಮ ಪ್ರಶ್ನೆಗಿಂತ ಚೆನ್ನಾಗಿದೆ. ಹಾಗಾಗಿ ಅದರಿಂದಲೇ ಶುರು ಮಾಡುತ್ತೇನೆ.

1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ನಿಮ್ಮ ಜಿಲ್ಲೆಯಲ್ಲಿ ಎರಡು ಕಡೆ ಅಗೆದರು. ಒಂದು ಮೊಳಕಾಲ್ಮುರು ಕಡೆಯ ಬ್ರಹ್ಮಗಿರಿ, ಇನ್ನೊಂದು ಚಂದ್ರವಳ್ಳಿ. ಬ್ರಹ್ಮಗಿರಿಯಲ್ಲಿ ತಳದಲ್ಲಿ ಕಲ್ಲುಗೊಡಲಿಯವರು, ಅವರ ಮೇಲೆ ಬೃಹತ್ ಶಿಲಾಗೋರಿಗಳವರು, ಅವರ ಮೇಲೆ ಸಾತವಾಹನರ ಕಾಲದವರು ಸಿಕ್ಕರು. ಯಾರು ಮೊದಲು, ಯಾರು ಆಮೇಲೆ ಎನ್ನುವುದನ್ನು ಪದರ ಹೇಳಿತು. ಆದರೆ ಯಾವ ಶತಮಾನ ಎಂದು ಪದರ ಹೇಳುವುದಿಲ್ಲ. ಅದಕ್ಕೆ ಬೇರೆ ಸಾಕ್ಷಿ ಬೇಕು. ಚಂದ್ರವಳ್ಳಿಯಲ್ಲಿ ರೋಮ್ ಚಕ್ರವರ್ತಿ ಟೈಬೀರಿಯಸ್‌ನ ಬೆಳ್ಳಿ ನಾಣ್ಯ ಸಿಕ್ಕಿದೆ. ಅವನು ಆಳಿದ್ದು ಕ್ರಿ.ಶ. 14ರಿಂದ 37ರವರೆಗೆ. ಆ ನಾಣ್ಯ ಬಿದ್ದಿದ್ದ ಮಣ್ಣು ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಇದೂ ಒಂದು ಬಗೆಯ ಊಹೆಯೇ. ಆದರೆ ಕೈಕಾಲು ಕಟ್ಟಿಹಾಕಿದ ಊಹೆ. ಎಲ್ಲಿ ಬೇಕಾದರಲ್ಲಿ ಓಡಾಡುವ ಹಾಗಿಲ್ಲ.

ಆಕಾಶದಲ್ಲಿ ತೊಂದರೆ ಏನೆಂದರೆ ಪದರಗಳೇ ಇಲ್ಲ. ಸೂರ್ಯ ಆಕಾಶಗಂಗೆಯ ನಡುವಿನಿಂದ ಸುಮಾರು 26 ಸಾವಿರ ಜ್ಯೋತಿರ್ವರ್ಷ ದೂರದಲ್ಲಿದ್ದಾನೆ. ಒಂದು ಸುತ್ತು ಹಾಕಲು ಅವನಿಗೆ 23 ಕೋಟಿ ವರ್ಷದಷ್ಟು ಬೇಕು. ಹುಟ್ಟಿ 457 ಕೋಟಿ ವರ್ಷವಾಯಿತು. ಅಂದರೆ ಆಗಲೇ ಇಪ್ಪತ್ತು ಸುತ್ತು ಮುಗಿದಿದೆ. ಅವನ ಜೊತೆ ಒಂದೇ ಮೋಡದಲ್ಲಿ ಹುಟ್ಟಿದ ಒಡಹುಟ್ಟಿದವರು ಈಗ ಎಲ್ಲೆಲ್ಲೋ ಇದ್ದಾರೆ. ಚಂದ್ರವಳ್ಳಿಯ ಮಣ್ಣನ್ನು ಯಾರೋ ಟ್ರ್ಯಾಕ್ಟರ್ ಹೊಡೆದು ಪೂರ್ತಿ ಕಲಸಿಬಿಟ್ಟಿದ್ದಾರೆ ಅಂದುಕೊಳ್ಳಿ. ಆಗ ಉಳಿಯುವುದು ಮಡಕೆ ಚೂರು ಮಾತ್ರ. ಯಾವ ಜೇಡಿಮಣ್ಣು, ಯಾವ ಕುಲುಮೆ ಎಂದು ಚೂರಿನಲ್ಲೇ ಓದಬೇಕು.

ನಮ್ಮ ಅದೃಷ್ಟ, ನಕ್ಷತ್ರ ಅಂಥ ಚೂರು. ಅದು ಹುಟ್ಟಿದ ಮೋಡದಲ್ಲಿ ಯಾವ ಧಾತು ಎಷ್ಟಿತ್ತೋ, ಅದರ ಹೊರಮೈಯಲ್ಲಿ ಇವತ್ತಿಗೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಒಳಗೆ ಬೆಂಕಿ ಉರಿಯುತ್ತದೆ, ಹೈಡ್ರೋಜನ್ ಹೀಲಿಯಂ ಆಗುತ್ತದೆ. ಆದರೆ ಸೂರ್ಯನಂಥ ನಕ್ಷತ್ರದಲ್ಲಿ ಒಳಗಿನ ಬೂದಿ ಹೊರಗೆ ಬರುವುದಿಲ್ಲ. ಲಿಥಿಯಂನಂಥ ಒಂದೆರಡು ಧಾತು ಮೋಸ ಮಾಡುತ್ತವೆ, ಬಿಡಿ. ಕಬ್ಬಿಣ, ಮೆಗ್ನೀಸಿಯಂ ನಂಬಿಕಸ್ತರು.

ದೂರದಿಂದ ಅದನ್ನು ಓದುವುದು ಬೆಳಕಿನಲ್ಲಿ. ನಕ್ಷತ್ರದ ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿದರೆ ನಡುನಡುವೆ ಕಪ್ಪು ಗೆರೆಗಳು ಕಾಣುತ್ತವೆ. ಒಂದೊಂದು ಧಾತುವಿಗೆ ಅದರದೇ ಗೆರೆಗಳು. ಸೂರ್ಯನಲ್ಲಿ ಇವನ್ನು 1814ರಲ್ಲೇ ಫ್ರೌನ್‌ಹೋಫರ್ ಪಟ್ಟಿ ಮಾಡಿದ್ದರು. 1868ರ ಗ್ರಹಣದಲ್ಲಿ ಸೂರ್ಯನ ಬೆಳಕಿನಲ್ಲಿ ಕಂಡ, ಆಮೇಲೆ ಹೀಲಿಯಂ ಎಂದು ಹೆಸರಾದ ಗೆರೆಯ ಕಥೆಯಲ್ಲಿ, ಆ ಗ್ರಹಣವನ್ನು ಅಲ್ಲಿಂದ ನೋಡಿದ್ದರಿಂದ, ನಮ್ಮ ಪಕ್ಕದ ಗುಂಟೂರಿನ ಹೆಸರೂ ಇದೆ. ಗೆರೆ ದಪ್ಪಗಿದ್ದರೆ ಆ ಧಾತು ಜಾಸ್ತಿ ಅಂತ ಸುಮ್ನೆ ಹೇಳುವ ಹಾಗಿಲ್ಲ. ನಕ್ಷತ್ರ ಎಷ್ಟು ಬಿಸಿ ಇದೆ ಎನ್ನುವುದೂ ಗೆರೆಯನ್ನು ಬದಲಿಸುತ್ತದೆ. ಈ ಗಂಟನ್ನು ಬಿಡಿಸಿದ್ದು 1920ರಲ್ಲಿ ಮೇಘನಾದ ಸಹಾ ಅವರ ಸಮೀಕರಣ. ಅದನ್ನು ಹಿಡಿದು 1925ರಲ್ಲಿ ಸಿಸಿಲಿಯಾ ಪೇನ್ ಎಂಬ ಯುವತಿ ನಕ್ಷತ್ರಗಳು ಬಹುಪಾಲು ಹೈಡ್ರೋಜನ್ ಎಂದು ತೋರಿಸಿದರು. ದೊಡ್ಡವರು ಮೊದಲು ಒಪ್ಪಲಿಲ್ಲ. ಆಮೇಲೆ ಒಪ್ಪಬೇಕಾಯಿತು.

ಸೂರ್ಯನಲ್ಲಿ ಸುಮಾರು 30 ಸಾವಿರ ಹೈಡ್ರೋಜನ್ ಪರಮಾಣುಗಳಿಗೆ ಒಂದು ಕಬ್ಬಿಣದ ಪರಮಾಣು ಇದೆ. ಇದೇ ನಮ್ಮ ಅಳತೆಗೋಲು. ಇದರ ಹತ್ತರಲ್ಲೊಂದು ಪಾಲು ಕಬ್ಬಿಣ ಇರುವ ನಕ್ಷತ್ರಗಳಿವೆ, ಸಾವಿರದಲ್ಲೊಂದು ಪಾಲಿನವೂ ಇವೆ. 2014ರಲ್ಲಿ ವರದಿಯಾದ ಒಂದು ನಕ್ಷತ್ರದಲ್ಲಿ ಕಬ್ಬಿಣದ ಗೆರೆಯೇ ಕಾಣಲಿಲ್ಲ. ಇದ್ದರೂ ಸೂರ್ಯನ ಕೋಟಿಯಲ್ಲೊಂದು ಪಾಲಿಗಿಂತ ಕಡಿಮೆ. ಇಂಥ ಕಬ್ಬಿಣವಿಲ್ಲದ ಬಡವರ ಹುಡುಕಾಟ ನಮ್ಮ ಲಡಾಖಿನ ಹಾನ್ಲೆಯಲ್ಲಿರುವ 2 ಮೀಟರ್ ದೂರದರ್ಶಕದಲ್ಲೂ ನಡೆಯುತ್ತದೆ. ಅದನ್ನು ನಡೆಸುವುದು ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ ಕೂತು.

ಈಗ ಕಬ್ಬಿಣದಿಂದ ಇತಿಹಾಸಕ್ಕೆ ಬರೋಣ. ಇದಕ್ಕೆ ನಾನು ಯಾವಾಗಲೂ ಮದುವೆ ಮನೆಯ ಸಾರಿನ ಉದಾಹರಣೆ ಕೊಡುತ್ತೇನೆ.

ಹಂಡೆಯಲ್ಲಿ ಬರೀ ನೀರು ಕುದಿಯುತ್ತಿದೆ. ಮಹಾಸ್ಫೋಟದ ನಂತರ ಇದ್ದದ್ದು ಹಾಗೆಯೇ. ತೂಕದಲ್ಲಿ ಮುಕ್ಕಾಲು ಪಾಲು ಹೈಡ್ರೋಜನ್, ಕಾಲು ಪಾಲು ಹೀಲಿಯಂ, ಚೂರು ಲಿಥಿಯಂ. ಉಪ್ಪಿಲ್ಲ, ಖಾರವಿಲ್ಲ. ಈ ಮನೆಯಲ್ಲಿ ಇಬ್ಬರು ಅಡುಗೆಯವರು. ಮೊದಲನೆಯವನು ಬಹಳ ಚುರುಕು. ಒಲೆ ಹಚ್ಚಿದ ತಕ್ಷಣ ಬಂದು ಉಪ್ಪು ಧಾರಾಳವಾಗಿ, ಖಾರ ಒಂದು ಚಿಟಿಕೆ ಹಾಕುತ್ತಾನೆ. ಎರಡನೆಯವನು ಸೋಮಾರಿ. ತಡವಾಗಿ ಬರುತ್ತಾನೆ, ಬಂದಮೇಲೆ ಬರೀ ಖಾರ ಸುರಿಯುತ್ತಾನೆ. ಒಂದೊಂದು ಪಂಕ್ತಿಗೂ ಹಂಡೆಯಿಂದ ಒಂದು ಬಟ್ಟಲು ಸಾರು ತೆಗೆದು ಕಟ್ಟೆಯ ಮೇಲೆ ಇಡುತ್ತಾರೆ. ಹಂಡೆಯ ರುಚಿ ಬದಲಾಗುತ್ತಾ ಹೋಗುತ್ತದೆ. ಬಟ್ಟಲಿನದು ಬದಲಾಗುವುದಿಲ್ಲ.

ಬಟ್ಟಲು ಅಂದರೆ ನಕ್ಷತ್ರ. ಚುರುಕಿನ ಅಡುಗೆಯವನು ಸೂರ್ಯನ ಎಂಟು ಪಟ್ಟಿಗಿಂತ ಜಾಸ್ತಿ ತೂಕದ ನಕ್ಷತ್ರ. ಅದು ನಾಲ್ಕೈದು ಕೋಟಿ ವರ್ಷದೊಳಗೆ ಸಿಡಿದು ಆಕ್ಸಿಜನ್, ಮೆಗ್ನೀಸಿಯಂ ಚೆಲ್ಲುತ್ತದೆ. ಅದು ಉಪ್ಪು. ಸೋಮಾರಿಯೆಂದರೆ ಶ್ವೇತಕುಬ್ಜ, ಅಂದರೆ ಸೂರ್ಯನಂಥ ನಕ್ಷತ್ರ ಸತ್ತು ಉಳಿದ ಗಟ್ಟಿ ಕೆಂಡ. ಅದು ಜೊತೆಗಾರನಿಂದ ದ್ರವ್ಯ ಎಳೆದುಕೊಂಡೋ, ಇನ್ನೊಂದು ಕೆಂಡಕ್ಕೆ ಬಡಿದೋ ಸಿಡಿಯುತ್ತದೆ. ಅದಕ್ಕೆ ಹತ್ತು ಕೋಟಿಯಿಂದ ನೂರಾರು ಕೋಟಿ ವರ್ಷ ಬೇಕು. ಸಿಡಿದಾಗ ರಾಶಿ ಕಬ್ಬಿಣ. ಅದು ಖಾರ. ಸೂರ್ಯನಲ್ಲಿರುವ ಕಬ್ಬಿಣದಲ್ಲಿ ಅರ್ಧಕ್ಕಿಂತ ಜಾಸ್ತಿ ಈ ಸೋಮಾರಿಯದ್ದೇ. (ಖಗೋಳದವರು ಹೀಲಿಯಂ ದಾಟಿದ ಎಲ್ಲವನ್ನೂ 'ಲೋಹ' ಅನ್ನುತ್ತಾರೆ, ಆಕ್ಸಿಜನ್ ಕೂಡ ಸೇರಿ. ನಿಮ್ಮ ಮಗಳು ಇದನ್ನು ರಸಾಯನಶಾಸ್ತ್ರದ ಪರೀಕ್ಷೆಯಲ್ಲಿ ಬರೆಯದೆ ಇರಲಿ.)

ಈಗ ಕಣ್ಣು ಕಟ್ಟಿ ನಿಮಗೆ ಒಂದು ಬಟ್ಟಲು ಕೊಟ್ಟರು ಅನ್ನಿ. ಉಪ್ಪು ಮುಂದಾಗಿದೆ, ಖಾರ ಕಡಿಮೆ. ಎರಡನೆಯವನು ಬರುವ ಮೊದಲೇ ತೆಗೆದ ಬಟ್ಟಲು ಅಂತ ತಕ್ಷಣ ಹೇಳಬಹುದು, ಅಲ್ವಾ? ಗಡಿಯಾರವೇ ಬೇಡ.

ಇನ್ನೊಂದು ಹೆಜ್ಜೆ ಹೋಗಿ. ದೊಡ್ಡ ಮನೆಯಲ್ಲಿ ಮೊದಲನೆಯ ಅಡುಗೆಯವರೇ ಇಪ್ಪತ್ತು ಜನ. ಸೋಮಾರಿ ಬರುವ ಹೊತ್ತಿಗೆ ಅವರ ಚಿಟಿಕೆ ಚಿಟಿಕೆ ಖಾರವೇ ಸೇರಿ ಸಾರು ಸಾಕಷ್ಟು ಖಾರವಾಗಿರುತ್ತದೆ. ಸಣ್ಣ ಮನೆಯಲ್ಲಿ ಒಬ್ಬನೇ. ಸೋಮಾರಿ ಬಂದಾಗಲೂ ಹಂಡೆ ಇನ್ನೂ ಸಪ್ಪೆ. ಹಾಗಾಗಿ ಉಪ್ಪು-ಖಾರದ ಅನುಪಾತ ಇಳಿಯಲು ಶುರುವಾದ ಕ್ಷಣದಲ್ಲಿ ಒಟ್ಟು ಖಾರ ಎಷ್ಟಿತ್ತು ಎಂದು ನೋಡಿದರೆ, ಅದು ದೊಡ್ಡ ಮನೆಯೋ ಸಣ್ಣ ಮನೆಯೋ ಗೊತ್ತಾಗುತ್ತದೆ. ಒಂದು ಗ್ಯಾಲಕ್ಸಿ ಸತ್ತು ಸಾವಿರ ಕೋಟಿ ವರ್ಷವಾದಮೇಲೂ ಅದರ ಗಾತ್ರ ಅಂದಾಜು ಮಾಡುವುದು ಹೀಗೆ. ನನಗೆ ಈ ಇಡೀ ಶಾಸ್ತ್ರದಲ್ಲಿ ಅತಿ ಇಷ್ಟವಾದ ಜಾಗ ಇದೇ.

ಇದಿಷ್ಟು ರುಚಿ. ತಾರೀಖು ಬೇರೆ ಲೆಕ್ಕ. ನಿಜ ಹೇಳಬೇಕೆಂದರೆ ಕಷ್ಟ ಇರುವುದು ಅಲ್ಲೇ.

ದೊಡ್ಡ ನಕ್ಷತ್ರ ಅಂದರೆ ಹತ್ತು ಎಕರೆ ಇರುವ ದುಂದುಗಾರ. ಸಣ್ಣದು ಒಂದು ಎಕರೆಯ ಜಿಪುಣ. ಸೂರ್ಯನ ಹತ್ತು ಪಟ್ಟು ತೂಕದ್ದು ಎರಡು ಮೂರು ಕೋಟಿ ವರ್ಷದಲ್ಲಿ ದಿವಾಳಿ. ಸೂರ್ಯ 1000 ಕೋಟಿ ವರ್ಷ ಬಾಳುತ್ತಾನೆ. ಒಟ್ಟಿಗೆ ಹುಟ್ಟಿದ ಗುಂಪಿನಲ್ಲಿ ಇನ್ನೂ ದಿವಾಳಿಯಾಗದೆ ಉಳಿದ ಅತಿ ದೊಡ್ಡ ನಕ್ಷತ್ರ ಯಾವುದು ಎಂದು ನೋಡಿ, ಗುಂಪಿನ ವಯಸ್ಸು ಹೇಳಬಹುದು. ಗೋಳಗುಚ್ಛಗಳು ಎಂಬ ದಟ್ಟ ಗುಂಪುಗಳಿಗೆ 1200-1300 ಕೋಟಿ ವರ್ಷ ಬರುವುದು ಹೀಗೆ.

ಒಂಟಿ ನಕ್ಷತ್ರಕ್ಕೆ ಅಂಥ ಅನುಕೂಲವಿಲ್ಲ. ಮಧ್ಯವಯಸ್ಸಿನ ನಕ್ಷತ್ರ ನೂರಾರು ಕೋಟಿ ವರ್ಷ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತದೆ. ಆದರೆ ಒಡಲಿನ ಹೈಡ್ರೋಜನ್ ಮುಗಿದು, ಉಬ್ಬಲು ಶುರುಮಾಡುವ ಒಂದು ಚಿಕ್ಕ ಘಟ್ಟ ಇದೆ. ಆಗ ಅದರ ಹೊಳಪೇ ವಯಸ್ಸನ್ನು ಬಿಟ್ಟುಕೊಡುತ್ತದೆ. 2022ರಲ್ಲಿ ಮಾವೊಶೆಂಗ್ ಶಿಯಾಂಗ್ ಮತ್ತು ಹಾನ್ಸ್-ವಾಲ್ಟರ್ ರಿಕ್ಸ್ ಇಂಥ ಸುಮಾರು ಎರಡೂವರೆ ಲಕ್ಷ ನಕ್ಷತ್ರಗಳನ್ನು ಒಟ್ಟುಮಾಡಿ ಲೆಕ್ಕ ಹಾಕಿದರು. ಧಾತುಗಳ ಅಳತೆ ಚೀನಾದ ಲಾಮೋಸ್ಟ್ ದೂರದರ್ಶಕದಿಂದ, ದೂರದ ಅಳತೆ ಯುರೋಪಿನ ಗಯಾ ಉಪಗ್ರಹದಿಂದ. ಆಕಾಶಗಂಗೆಯ ದಪ್ಪ ತಟ್ಟೆ ಎಂಬ ಹಳೆಯ ಭಾಗ ಸುಮಾರು 1300 ಕೋಟಿ ವರ್ಷಗಳ ಹಿಂದೆಯೇ, ಅಂದರೆ ಮಹಾಸ್ಫೋಟವಾಗಿ 80 ಕೋಟಿ ವರ್ಷಕ್ಕೇ ಕಟ್ಟಲು ಶುರುವಾಗಿತ್ತು ಎಂದು ಗೊತ್ತಾಯಿತು.

ಇನ್ನೊಂದು ದಾರಿ ನನ್ನ ಅಜ್ಜಿಗೂ ಗೊತ್ತಿತ್ತು. ದಾವಣಗೆರೆ ಸಂತೆಯಲ್ಲಿ ಕೊಡ ಕೊಳ್ಳುವಾಗ ಬೆರಳು ಮಡಿಸಿ ತಟ್ಟಿ ನೋಡುತ್ತಿದ್ದಳು. ಸದ್ದು ಕೇಳಿ ದಪ್ಪ ಎಷ್ಟು, ಬಿರುಕು ಇದೆಯೋ ಹೇಳುತ್ತಿದ್ದಳು. ನಕ್ಷತ್ರವೂ ಒಳಗೊಳಗೆ ಕಂಪಿಸುತ್ತದೆ, ಬೆಳಕು ಅತಿ ಸಣ್ಣಗೆ ಏರಿಳಿಯುತ್ತದೆ. ಕೆಪ್ಲರ್ ದೂರದರ್ಶಕ ಇದನ್ನು ಸಾವಿರಾರು ನಕ್ಷತ್ರಗಳಲ್ಲಿ ಅಳೆಯಿತು. ಕಂಪನದಿಂದ ತೂಕ, ತೂಕದಿಂದ ವಯಸ್ಸು.

ಮೂರನೆಯದು ನಿಮ್ಮ ಕೋಟೆಯ ಕಲ್ಲಿಗೂ ನಕ್ಷತ್ರಕ್ಕೂ ಒಂದೇ. ಚಿತ್ರದುರ್ಗದ ಸುತ್ತಲಿನ ಗ್ರಾನೈಟ್ 250 ಕೋಟಿ ವರ್ಷಕ್ಕೂ ಹಳೆಯದು ಅಂತ ಹೇಳುವುದು ಯುರೇನಿಯಂ ಎಷ್ಟು ಕರಗಿ ಸೀಸವಾಗಿದೆ ಎಂದು ನೋಡಿ. 2001ರಲ್ಲಿ ಒಂದು ಹಳೆಯ ನಕ್ಷತ್ರದ ಬೆಳಕಿನಲ್ಲೇ ಯುರೇನಿಯಂ ಗೆರೆ ಸಿಕ್ಕಿತು. ಥೋರಿಯಂ ಜೊತೆ ಹೋಲಿಸಿ 1250 ಕೋಟಿ ವರ್ಷ ಅಂದರು, ಆಚೀಚೆ 300 ಕೋಟಿ.

ಈ 'ಆಚೀಚೆ'ಯನ್ನು ಬಿಟ್ಟು ಓದಿದರೆ ಫಜೀತಿ. ತುಲಾ ರಾಶಿಯ ಕಡೆ ಒಂದು ನಕ್ಷತ್ರವಿದೆ, ಸುಮಾರು 200 ಜ್ಯೋತಿರ್ವರ್ಷ ದೂರ. 2013ರಲ್ಲಿ ಅದರ ವಯಸ್ಸು 1446 ಕೋಟಿ ವರ್ಷ ಎಂದು ಬಂತು. ವಿಶ್ವದ ವಯಸ್ಸೇ 1380 ಕೋಟಿ! ಮಗು ತಾಯಿಗಿಂತ ದೊಡ್ಡದು ಅಂತ ಸುದ್ದಿಯೋ ಸುದ್ದಿ. ಮೂಲ ಲೆಕ್ಕದಲ್ಲೇ ಆಚೀಚೆ 80 ಕೋಟಿ ಎಂದು ಬರೆದಿತ್ತು. ಅದನ್ನು ಹೆಚ್ಚಿನವರು ಗಮನಿಸಲಿಲ್ಲ. ಆಮೇಲಿನ ಲೆಕ್ಕಗಳು 1200 ಕೋಟಿಯ ಹತ್ತಿರಕ್ಕೂ ಇಳಿದಿವೆ. ಅವತ್ತು ನನಗೆ ಬಂದ ಫೋನುಗಳಿಗೆ ಲೆಕ್ಕವಿಲ್ಲ.

ಈಗ ನುಂಗಿದ ಕಥೆ. ಇದು ಹಳೆಯ ಜಗಳ. 1962ರಲ್ಲಿ ಎಗ್ಗೆನ್, ಲಿಂಡನ್-ಬೆಲ್, ಸ್ಯಾಂಡೇಜ್ ಎಂಬ ಮೂವರು ಆಕಾಶಗಂಗೆ ಒಂದೇ ಮೋಡ ಬೇಗನೆ ಕುಸಿದು ಆದದ್ದು ಎಂದರು. 1978ರಲ್ಲಿ ಸರ್ಲ್ ಮತ್ತು ಜಿನ್, ಇಲ್ಲ, ಹೊರಭಾಗ ಚೂರು ಚೂರಾಗಿ ಬಂದು ಸೇರಿದ್ದು ಎಂದರು. ಇಬ್ಬರ ಕೈಯಲ್ಲೂ ಇದ್ದದ್ದು ಬೆರಳೆಣಿಕೆಯ ಸಾಕ್ಷಿ. 1994ರಲ್ಲಿ ಧನು ರಾಶಿಯ ಕಡೆ ಒಂದು ಕುಬ್ಜ ಗ್ಯಾಲಕ್ಸಿ ನಮ್ಮದರೊಳಗೆ ಹರಿದು ಹೋಗುತ್ತಿರುವುದೇ ಕಂಡಿತು. ನುಂಗುವುದು ಈಗಲೂ ನಡೆದಿದೆ ಅಂತಾಯಿತು. ಆದರೆ ಸಾವಿರ ಕೋಟಿ ವರ್ಷದ ಹಿಂದಿನ ದೊಡ್ಡ ಊಟಕ್ಕೆ ಸಾಕ್ಷಿ ಬೇಕಿತ್ತು.

ಗಯಾ ಅದನ್ನು ಕೊಟ್ಟಿತು. 2013ರ ಡಿಸೆಂಬರ್‌ನಲ್ಲಿ ಹಾರಿ 2025ರ ಜನವರಿವರೆಗೆ ಅಳೆದ ಉಪಗ್ರಹ ಇದು. ನೂರೆಂಬತ್ತು ಕೋಟಿಯಷ್ಟು ನಕ್ಷತ್ರಗಳ ಜಾಗ ಗುರುತು ಮಾಡಿತು, ಅದರಲ್ಲಿ ಬಹುಪಾಲಿನವುಗಳ ದೂರ ಮತ್ತು ಚಲನೆಯನ್ನೂ. 2018ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಒಂದೇ ವಿಚಿತ್ರ ನೋಡಿದವು. ನಮ್ಮ ಸುತ್ತಲಿನ ಹಳೆಯ ನಕ್ಷತ್ರಗಳಲ್ಲಿ ಒಂದು ದೊಡ್ಡ ಗುಂಪು ಎಲ್ಲರ ಹಾಗೆ ವೃತ್ತದಲ್ಲಿ ಸುತ್ತುವುದಿಲ್ಲ. ಜೋಕಾಲಿಯ ಹಾಗೆ ಗ್ಯಾಲಕ್ಸಿಯ ನಡುವಿಗೆ ನುಗ್ಗಿ ಆಚೆ ಹೋಗಿ ಮತ್ತೆ ಬರುತ್ತವೆ. ಒಂದು ತಂಡ ಇದಕ್ಕೆ ಗ್ರೀಕ್ ದೈತ್ಯ ಎನ್ಸೆಲಡಸ್‌ನ ಹೆಸರಿಟ್ಟಿತು. ಇನ್ನೊಂದು ತಂಡ, ವೇಗದ ನಕ್ಷೆಯಲ್ಲಿ ಕಂಡ ಆಕಾರ ನೋಡಿ, ಸಾಸೇಜ್ ಅಂದಿತು. ನಮ್ಮವರು ಕಂಡಿದ್ದರೆ ಪಡವಲಕಾಯಿ ಅನ್ನುತ್ತಿದ್ದರೇನೋ.

ಆದರೆ ಬರೀ ಓಡಾಟ ನೋಡಿ ಹೊರಗಿನವರು ಅನ್ನಲಾಗದು. ಊರಿನವರೇ ಯಾರಾದರೂ ದಿಕ್ಕು ತಪ್ಪಿರಬಹುದು. ಅಲ್ಲಿ ರುಚಿ ಕೆಲಸಕ್ಕೆ ಬಂತು. ಇವುಗಳಲ್ಲಿ, ಅದೇ ಪ್ರಮಾಣದ ಕಬ್ಬಿಣವಿರುವ ನಮ್ಮ ದಪ್ಪ ತಟ್ಟೆಯ ನಕ್ಷತ್ರಗಳಿಗಿಂತ, ಮೆಗ್ನೀಸಿಯಂ ಕಡಿಮೆ. ಅಂದರೆ ಸಪ್ಪೆ ಇರುವಾಗಲೇ ಸೋಮಾರಿ ಅಡುಗೆಯವನು ಬಂದಿದ್ದ. ಅಂದರೆ ಸಣ್ಣ ಮನೆ.

ಇನ್ನೂ ಗಟ್ಟಿ ಸಾಕ್ಷಿ ಗೋಳಗುಚ್ಛಗಳದ್ದು. ವಯಸ್ಸು ಒಂದು ಕಡೆ, ಕಬ್ಬಿಣ ಇನ್ನೊಂದು ಕಡೆ ಹಾಕಿ ಗೆರೆ ಎಳೆದರೆ ಒಂದೇ ದಾರಿ ಬರಬೇಕಿತ್ತು. ಬಂದದ್ದು ಎರಡು ಕವಲು. ಒಂದೇ ಪ್ರಮಾಣದ ಕಬ್ಬಿಣ ಇರುವ ಗುಚ್ಛಗಳಲ್ಲಿ ಕೆಲವು ಹಳೆಯವು, ಕೆಲವು ನೂರು ಇನ್ನೂರು ಕೋಟಿ ವರ್ಷ ಎಳೆಯವು. ದೊಡ್ಡ ಮನೆ ಮೊದಲ ಪಂಕ್ತಿಗೇ ಮುಟ್ಟಿದ ಖಾರವನ್ನು ಸಣ್ಣ ಮನೆ ಮುಟ್ಟಲು ಮೂರನೇ ಪಂಕ್ತಿಯಾಗಬೇಕು. ಎಳೆಯ ಕವಲಿನ ಗುಚ್ಛಗಳು ಬಹುಪಾಲು ಹೊರಗಿನಿಂದ ಬಂದವು ಎಂದು ಅವುಗಳ ಓಡಾಟವೂ ಹೇಳುತ್ತದೆ. ಗಮನಿಸಿ, ಬರೀ ಕಬ್ಬಿಣ ಅಳೆದಿದ್ದರೆ ಇದು ಕಾಣುತ್ತಿರಲಿಲ್ಲ. ಬರೀ ವಯಸ್ಸು ಅಳೆದಿದ್ದರೂ ಕಾಣುತ್ತಿರಲಿಲ್ಲ. ನಾಣ್ಯವೂ ಮಡಕೆಯೂ ಒಟ್ಟಿಗೆ ಬೇಕು.

ಕಬ್ಬಿಣ ಜಾಸ್ತಿ ಇದ್ದರೆ ಎಳೆಯದು ಅಂತ ಸುಲಭಕ್ಕೆ ಹೇಳುವವರನ್ನು ನಂಬಬೇಡಿ. ನಮ್ಮ ಪಕ್ಕದಲ್ಲೇ ಸೂರ್ಯನಿಗಿಂತ ಎಳೆಯ, ಆದರೆ ಕಬ್ಬಿಣ ಕಡಿಮೆ ಇರುವ ನಕ್ಷತ್ರಗಳಿವೆ. ಗ್ಯಾಲಕ್ಸಿಯ ನಡುಭಾಗದಲ್ಲಿ ಅಡುಗೆ ಜೋರು, ಅಂಚಿನಲ್ಲಿ ನಿಧಾನ. ಅಲ್ಲಿ ಹುಟ್ಟಿದವು ಇಲ್ಲಿಗೆ ವಲಸೆ ಬರುತ್ತವೆ. ಸೂರ್ಯನೇ ಒಳಗಿನಿಂದ ಬಂದವನು ಎಂದು ಹಲವರು ವಾದಿಸುತ್ತಾರೆ.

ಹಾಗಾದರೆ ರುಚಿ ನೋಡಿಯೇ ಸೂರ್ಯನ ಒಡಹುಟ್ಟಿದವರನ್ನು ಹುಡುಕಬಹುದಲ್ಲ? 2002ರಲ್ಲಿ ಕೆನ್ ಫ್ರೀಮನ್ ಮತ್ತು ಬ್ಲಾಂಡ್-ಹಾಥಾರ್ನ್ ಕೊಟ್ಟ ಯೋಚನೆ ಅದೇ. ಕಣ್ಣು ಕಟ್ಟಿ ಬೆಣ್ಣೆದೋಸೆ ಕೊಟ್ಟರೆ ಯಾವ ಹೋಟೆಲ್ಲಿನದು ಅಂತ ಹೇಳುವ ದಾವಣಗೆರೆಯವರು ನನಗೆ ಗೊತ್ತು. ಆದರೆ ಹತ್ತು ಹೋಟೆಲ್ಲಿಗೂ ಒಬ್ಬನೇ ಭಟ್ಟ ಹಿಟ್ಟು ರುಬ್ಬಿದರೆ ಅವರೂ ಸೋಲುತ್ತಾರೆ. ಆಕಾಶಗಂಗೆಯ ತಟ್ಟೆಯ ನಕ್ಷತ್ರಗಳಲ್ಲಿ ಆಗುತ್ತಿರುವುದು ಅದು. ಬೇರೆ ಬೇರೆ ಮೋಡಗಳ ರುಚಿ ತೀರಾ ಹತ್ತಿರ. ಆ ಯೋಚನೆ ಪೂರ್ತಿ ಫಲಿಸುತ್ತದೆ ಎಂದು ನನಗಂತೂ ಅನ್ನಿಸುವುದಿಲ್ಲ.

ದೂರದ ಗ್ಯಾಲಕ್ಸಿಗಳ ಬಗ್ಗೆ ಒಂದೇ ಮಾತು. ಅಲ್ಲಿ ಬಿಡಿ ನಕ್ಷತ್ರ ಕಾಣುವುದಿಲ್ಲ. ನಾಯಕನಹಟ್ಟಿ ಜಾತ್ರೆಯ ಗದ್ದಲವನ್ನು ಎರಡು ಮೈಲಿ ಆಚೆ ನಿಂತು ಕೇಳಿದ ಹಾಗೆ. ವಯಸ್ಸಾದ ನಕ್ಷತ್ರಗಳೂ ಕೆಂಪು, ಕಬ್ಬಿಣ ಜಾಸ್ತಿ ಇರುವವೂ ಕೆಂಪು. ಎರಡನ್ನೂ ಬೇರೆ ಮಾಡಲು ಹೈಡ್ರೋಜನ್ ಗೆರೆಗಳನ್ನೂ ಕಬ್ಬಿಣದ ಗೆರೆಗಳನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು.

ಕೊನೆಗೆ ನಿಮ್ಮ ಮಗಳಿಗೆ. ನುಂಗಿಸಿಕೊಂಡ ಗ್ಯಾಲಕ್ಸಿಯ ಚೂರನ್ನು ಅವಳು ಬರಿಗಣ್ಣಿನಿಂದ ನೋಡಬಹುದು. ಒಮೆಗಾ ಸೆಂಟಾರಿ ಎಂಬ ಗುಚ್ಛ, ಸುಮಾರು 17 ಸಾವಿರ ಜ್ಯೋತಿರ್ವರ್ಷ ದೂರ, ಕೋಟಿಯಷ್ಟು ನಕ್ಷತ್ರಗಳು. ಮಾಮೂಲಿ ಗುಚ್ಛದಲ್ಲಿ ಎಲ್ಲಾ ನಕ್ಷತ್ರಗಳಲ್ಲೂ ಕಬ್ಬಿಣ ಹೆಚ್ಚುಕಡಿಮೆ ಒಂದೇ. ಇದರಲ್ಲಿ ಹಲವು ತಲೆಮಾರುಗಳಿವೆ, ಕಬ್ಬಿಣ ಹತ್ತು ಪಟ್ಟಿಗೂ ಮೀರಿ ಏರಿಳಿಯುತ್ತದೆ. ಹಾಗಾಗಿ ಇದು ಗುಚ್ಛವೇ ಅಲ್ಲ, ಹರಿದುಹೋದ ಕುಬ್ಜ ಗ್ಯಾಲಕ್ಸಿಯ ಉಳಿದ ತಿರುಳು ಎಂದು ಬಹಳ ಜನ ನಂಬುತ್ತಾರೆ. ನಾನೂ ಅವರಲ್ಲೊಬ್ಬ. ಲಂಡನ್ನಿನವರಿಗೆ ಇದು ಕಾಣುವುದೇ ಇಲ್ಲ. ಚಿತ್ರದುರ್ಗದಿಂದ ದಕ್ಷಿಣದಲ್ಲಿ 28 ಡಿಗ್ರಿ ಎತ್ತರಕ್ಕೆ ಬರುತ್ತದೆ. ಕೈ ನೀಡಿ ಮುಷ್ಟಿ ಹಿಡಿದರೆ ಮೂರು ಮುಷ್ಟಿಗಿಂತ ಸ್ವಲ್ಪ ಕಡಿಮೆ.

ಮೇ ತಿಂಗಳ ಮಧ್ಯದಲ್ಲಿ, ಚಂದ್ರನಿಲ್ಲದ ರಾತ್ರಿ, ಹತ್ತು ಗಂಟೆ ಹೊತ್ತಿಗೆ ಹೊರಡಿ. ಜೋಗಿಮಟ್ಟಿ ಬೇಡ, ಅದು ಕಾಡು. ಊರ ದೀಪಗಳು ಉತ್ತರಕ್ಕೆ ಉಳಿಯುವ ಹಾಗೆ ಯಾವುದಾದರೂ ಹೊಲ ಸಾಕು. ದಕ್ಷಿಣದಲ್ಲಿ ಕೆಳಗೆ ತ್ರಿಶಂಕು ನಕ್ಷತ್ರಗಳ ಶಿಲುಬೆ ಕಾಣುತ್ತದೆ. ಅದರ ಎಡಕ್ಕೆ ಎರಡು ಹೊಳಪಿನ ಚುಕ್ಕಿಗಳು. ಅವುಗಳಲ್ಲಿ ಶಿಲುಬೆಗೆ ಹತ್ತಿರದ್ದನ್ನು ಹಿಡಿದು ನೇರ ಮೇಲಕ್ಕೆ ಹೋಗಿ. ದಾರಿಯಲ್ಲಿ ಒಂದು ನಕ್ಷತ್ರ ಸಿಗುತ್ತದೆ. ಅಷ್ಟೇ ದೂರ ಇನ್ನೂ ಮೇಲೆ, ಒರೆಸಿದ ಹಾಗಿರುವ ಒಂದು ಮಂಕು ಚುಕ್ಕಿ. ಬೈನಾಕ್ಯುಲರ್ ಇದ್ದರೆ ಮೊದಲು ಅವಳ ಕೈಗೆ ಕೊಡಿ.